ಗಾಲಿ ಜೋಡಿಸಿದ ಮೇಲೆ ಡಿಸ್ಕ್ ಬ್ರೇಕ್ ಉಜ್ಜುತ್ತಿದ್ದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿ ಸುತ್ತಮುತ್ತ ಸೈಕಲ್ ತುಳಿಯುವವರಿಗೆ ಜಾಲಿ ಮುಳ್ಳಿನ ಪಂಕ್ಚರ್ ಹೊಸದೇನಲ್ಲ. ಗಾಲಿ ಬಿಚ್ಚುತ್ತೀರಿ, ಟ್ಯೂಬಿಗೆ ತೇಪೆ ಹಚ್ಚುತ್ತೀರಿ, ಗಾಲಿ ತಿರುಗಿ ಜೋಡಿಸುತ್ತೀರಿ. ಕೆಲಸ ಮುಗಿಯಿತು ಅನ್ನುವಷ್ಟರಲ್ಲಿ ಡಿಸ್ಕ್ ಬ್ರೇಕಿನ ಕಡೆಯಿಂದ ಸರ್ರ್ ಅಂತ ಉಜ್ಜುವ ಸದ್ದು ಶುರುವಾಗುತ್ತದೆ. ಬೆಳಿಗ್ಗೆ ಸರಿ ಇದ್ದ ಸೈಕಲ್ ಈಗ ತುಳಿಯಲು ಭಾರ ಅನ್ನಿಸುತ್ತದೆ.

ಸದ್ದು ಕೇಳಿದ ಕೂಡಲೇ ಬಹಳ ಮಂದಿ ಅಲೆನ್ ಕೀ ತಗೊಂಡು ಕ್ಯಾಲಿಪರಿನ ಬೋಲ್ಟ್ ಸಡಿಲಿಸಲು ಕೂರುತ್ತಾರೆ. ಗಾಲಿಯ ಜತೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್; ಅದನ್ನು ಎರಡೂ ಕಡೆಯಿಂದ ಪ್ಯಾಡ್ ಎಂಬ ಸಣ್ಣ ಬಿಲ್ಲೆಗಳಿಂದ ಅಮುಕಿ ಹಿಡಿಯುವ ಭಾಗವೇ ಕ್ಯಾಲಿಪರ್. ಅದಕ್ಕೆ ಮೊದಲೇ ಕೈ ಹಾಕಬೇಡಿ. ಗಾಲಿ ಬಿಚ್ಚುವ ಮುಂಚೆ ಬ್ರೇಕ್ ಉಜ್ಜುತ್ತಿರಲಿಲ್ಲ, ಕ್ಯಾಲಿಪರ್ ಬಿಗಿದಲ್ಲೇ ಬಿಗಿದುಕೊಂಡಿದೆ. ಅಂದಮೇಲೆ ಬದಲಾದದ್ದು ಗಾಲಿ ಕೂತ ರೀತಿ, ಇಲ್ಲವೇ ಪ್ಯಾಡುಗಳ ಜಾಗ. ಹತ್ತರಲ್ಲಿ ಏಳೆಂಟು ಸಲ ದೋಷ ಇಷ್ಟರಲ್ಲೇ ಇರುತ್ತದೆ. ಸರಿ ಇದ್ದ ಕ್ಯಾಲಿಪರನ್ನು ಸಡಿಲಿಸಿದರೆ ಒಂದು ದೋಷ ಇದ್ದಲ್ಲಿ ಎರಡಾಗುತ್ತವೆ.

ಅಂತರ ಎಷ್ಟು ಕಡಿಮೆ ಅನ್ನುವುದು ಮೊದಲು ಗೊತ್ತಿರಲಿ. ಹೊಸ ಡಿಸ್ಕಿನ ದಪ್ಪ ಸಾಮಾನ್ಯವಾಗಿ 1.8 ಮಿಲಿಮೀಟರ್. ಅದರ ಆ ಕಡೆ ಈ ಕಡೆ ಪ್ಯಾಡಿಗೂ ಡಿಸ್ಕಿಗೂ ನಡುವೆ ಇರುವ ಜಾಗ 0.2ರಿಂದ 0.4 ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಗಾಲಿಯ ಆಕ್ಸಲ್, ಅಂದರೆ ನಡುವಿನ ಅಚ್ಚು, ಒಂದು ಬದಿಗೆ ಅರ್ಧ ಮಿಲಿಮೀಟರ್ ಸೊಟ್ಟ ಕೂತರೂ ಡಿಸ್ಕ್ ಪ್ಯಾಡಿಗೆ ತಾಗಲೇಬೇಕು.

ಆದ್ದರಿಂದ ಮೊದಲು ಗಾಲಿ ನೋಡಿ. ಬಹಳಷ್ಟು ಜನ ಸೈಕಲ್ ತಲೆಕೆಳಗು ಮಾಡಿ ಗಾಲಿ ಹಾಕಿ, ಹಾಗೇ ಬಿಗಿದುಬಿಡುತ್ತಾರೆ. ಆಗ ಆಕ್ಸಲ್ ಫೋರ್ಕಿನ, ಅಂದರೆ ಮುಂದಿನ ಗಾಲಿ ಹಿಡಿಯುವ ಕವಲಿನ, ಸೀಳಿನೊಳಗೆ ಪೂರ್ತಿ ಇಳಿದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸೈಕಲನ್ನು ನೆಟ್ಟಗೆ, ಸಮನಾದ ನೆಲದ ಮೇಲೆ ನಿಲ್ಲಿಸಿ; ಮನೆ ಮುಂದಿನ ಶಹಾಬಾದ್ ಫರಸಿ ಕಲ್ಲು ಆದರೆ ಬಹಳ ಚಲೋ. ಪಾನಾ ಇಲ್ಲದೆ ಕೈಯಿಂದಲೇ ಗಾಲಿ ಬಿಚ್ಚುವ ಕ್ವಿಕ್ ರಿಲೀಸ್ ಲಿವರ್ ಇದ್ದರೆ ಅದನ್ನು ತೆರೆಯಿರಿ, ನಟ್ ಇದ್ದರೆ 15 ನಂಬರ್ ಪಾನಾದಿಂದ ಎರಡೂ ಬದಿ ಸಡಿಲಿಸಿ. ಈಗ ಎರಡೂ ಕೈಯಿಂದ ಹ್ಯಾಂಡಲನ್ನು ನೇರ ಕೆಳಗೆ ಒತ್ತಿ. ಸೈಕಲಿನ ಭಾರಕ್ಕೆ ಆಕ್ಸಲ್ ಎರಡೂ ಸೀಳಿನ ತಳಕ್ಕೆ ಹೋಗಿ ಕೂರುತ್ತದೆ. ಆ ಭಾರ ಹಾಗೇ ಇರುವಾಗಲೇ ಬಿಗಿಯಿರಿ. ನಟ್ ಇದ್ದ ಸೈಕಲಿನಲ್ಲಿ ಒಂದೇ ಬದಿ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಗಾಲಿ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಆ ಬದಿ ಅರ್ಧ ಸುತ್ತು, ಈ ಬದಿ ಅರ್ಧ ಸುತ್ತು ಹಾಗೆ ಬಿಗಿಯುತ್ತ ಬನ್ನಿ. ಮುಂದಿನ ಆಕ್ಸಲಿನಲ್ಲಿ ಸಣ್ಣ ಕೊಕ್ಕೆ ಇರುವ ವಾಷರ್ ಇದ್ದರೆ ಆ ಕೊಕ್ಕೆ ಫೋರ್ಕಿನ ರಂಧ್ರದೊಳಗೆ ಕೂತಿರಬೇಕು. ಅದು ರಂಧ್ರ ಬಿಟ್ಟು ಹೊರಗೆ ಸಿಕ್ಕಿಕೊಂಡರೆ ಗಾಲಿ ಸೊಟ್ಟ ಆಗುತ್ತದೆ, ಎಷ್ಟು ಬಿಗಿದರೂ ಸರಿ ಹೋಗುವುದಿಲ್ಲ.

ಕ್ವಿಕ್ ರಿಲೀಸ್ ಲಿವರ್ ಬಗ್ಗೆ ಎರಡು ಮಾತು. ಲಿವರ್ ಮುಚ್ಚುವಾಗ ಅದು ಆಕ್ಸಲಿನ ನೇರಕ್ಕೆ ಬಂದಲ್ಲಿಂದ ಬಿಗಿ ಹತ್ತಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಅದರ ಗುರುತು ಮೂಡಬೇಕು. ಅದಕ್ಕಿಂತ ಹಗುರಾಗಿ ಮುಚ್ಚಿದರೆ ಸಾಲದು. ಡಿಸ್ಕ್ ಬ್ರೇಕ್ ಹಿಡಿದಾಗ ಮುಂದಿನ ಗಾಲಿಯನ್ನು ಸೀಳಿನಿಂದ ಹೊರಗೆ ತಳ್ಳುವ ಬಲ ಹುಟ್ಟುತ್ತದೆ. ಗಾಲಿಯ ಅಂಚನ್ನೇ ಹಿಡಿಯುವ ರಿಮ್ ಬ್ರೇಕಿನಲ್ಲಿ ಹೀಗಾಗುವುದಿಲ್ಲ, ಆದ್ದರಿಂದ ಹಳೆ ಸೈಕಲಿನ ರೂಢಿ ಇಲ್ಲಿ ನಡೆಯದು. ಇನ್ನೊಂದು, ಡಿಸ್ಕ್ ಇರುವುದು ಎಡಕ್ಕೆ, ಹಾಗಾಗಿ ಮುಂದಿನ ಗಾಲಿಯ ಲಿವರನ್ನು ಬಲಕ್ಕೆ ಹಾಕುವುದು ಒಳ್ಳೆಯದು. ಸಡಿಲಾದ ಲಿವರ್ ಪೂರಾ ಹಿಂದಕ್ಕೆ ಮಡಚಿ ಡಿಸ್ಕಿಗೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಇದೇ ಕಾರಣಕ್ಕೆ 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್‌ಗಳ ಲಿವರ್ ಬದಲಿಸಿಕೊಡುವುದಾಗಿ ಪ್ರಕಟಿಸಬೇಕಾಯಿತು.

ಗಾಲಿ ಸರಿಯಾಗಿ ಕೂರಿಸಿದ ಮೇಲೆ ಅದನ್ನು ಎತ್ತಿ ತಿರುಗಿಸಿ, ಕಿವಿಗೊಡಿ. ಸದ್ದು ಬಿಡದೆ ಒಂದೇ ಸಮನೆ ಬಂದರೆ ಡಿಸ್ಕ್ ಒಂದು ಬದಿಯ ಪ್ಯಾಡಿಗೆ ಒರಗಿದೆ ಅಂತ ಅರ್ಥ. ಸುತ್ತಿಗೊಮ್ಮೆ ಮಾತ್ರ ಸಿಕ್, ಸಿಕ್ ಅಂದರೆ ಡಿಸ್ಕ್ ಎಲ್ಲೋ ಬಾಗಿದೆ. ಈ ಎರಡರ ರಿಪೇರಿ ಬೇರೆ ಬೇರೆ. ಗಾಲಿಯ ಮೇಲ್ಭಾಗ ಹಿಡಿದು ಎಡಬಲಕ್ಕೆ ಒಮ್ಮೆ ಅಲುಗಾಡಿಸಿಯೂ ನೋಡಿ. ಟಕ್ ಟಕ್ ಅಂದರೆ ಗಾಲಿಯ ನಡುವಿನ ಹಬ್‌ನಲ್ಲಿ ಬೇರಿಂಗ್ ಹಿಡಿಯುವ ಕೋನ್ ಸಡಿಲಾಗಿದೆ. ಅದನ್ನು ಬಿಗಿಯದೆ ಬ್ರೇಕಿನ ಜತೆ ಎಷ್ಟು ಹೆಣಗಿದರೂ ವ್ಯರ್ಥ.

ಇನ್ನು ಪ್ಯಾಡು. ಹೈಡ್ರಾಲಿಕ್, ಅಂದರೆ ಪೈಪಿನೊಳಗಿನ ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಿನಲ್ಲಿ ಗಾಲಿ ಹೊರಗಿರುವಾಗ ಯಾರಾದರೂ ಬ್ರೇಕ್ ಲಿವರ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಹತ್ತಿರ ಬಂದು ಅಲ್ಲೇ ನಿಲ್ಲುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಇದು ಆಗದೆ ಇರುವುದೇ ಅಪರೂಪ. ಗಾಲಿ ಬಿಚ್ಚಿದ ಕೂಡಲೇ ಪ್ಯಾಡುಗಳ ನಡುವೆ ಮಡಚಿದ ರಟ್ಟಿನ ತುಂಡು ಸಿಗಿಸಿಡಿ. ಆಗಲೇ ಒತ್ತಿಬಿಟ್ಟಿದ್ದರೆ ಪ್ಲಾಸ್ಟಿಕ್ಕಿನ ಟೈರ್ ಲಿವರನ್ನು ಪ್ಯಾಡುಗಳ ನಡುವೆ ತೂರಿಸಿ, ಮೆಲ್ಲಗೆ ಎರಡೂ ಕಡೆ ಸಮನಾಗಿ ಹಿಂದಕ್ಕೆ ತಳ್ಳಿ. ಸ್ಕ್ರೂಡ್ರೈವರ್ ಬೇಡ, ಪ್ಯಾಡಿನ ಮೈ ಗೀಚಿ ಹೋಗುತ್ತದೆ. ಪ್ಯಾಡುಗಳ ನಡುವೆ ಒಂದು ತೆಳು ತಗಡಿನ ಸ್ಪ್ರಿಂಗ್ ಇರುತ್ತದೆ. ಗಾಲಿಯನ್ನು ಅವಸರದಲ್ಲಿ ತುರುಕಿದಾಗ ಡಿಸ್ಕಿನ ಅಂಚು ತಾಗಿ ಅದರ ಕಾಲು ಒಳಕ್ಕೆ ಬಾಗುತ್ತದೆ, ಆಮೇಲೆ ಡಿಸ್ಕಿಗೆ ಕೆರೆಯುತ್ತ ಕೂರುತ್ತದೆ. ಸದ್ದು ತೆಳುವಾಗಿ, ಲೋಹದ ಕಿರಿಕಿರಿಯಂತೆ ಇದ್ದರೆ ಟಾರ್ಚ್ ಹಾಕಿ ಅಲ್ಲಿ ನೋಡಿ.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಆಗ ಕ್ಯಾಲಿಪರಿಗೆ ಬನ್ನಿ. ಫೋರ್ಕಿಗೆ ಅದನ್ನು ಹಿಡಿದ ಎರಡು ಬೋಲ್ಟುಗಳಿಗೆ ಸಾಮಾನ್ಯವಾಗಿ 5 ಮಿಲಿಮೀಟರಿನ ಅಲೆನ್ ಕೀ ಹೊಂದುತ್ತದೆ. ಬೋಲ್ಟ್ ಪೂರ್ತಿ ಬಿಚ್ಚಬೇಡಿ, ಕ್ಯಾಲಿಪರ್ ಕೈಯಿಂದ ಅತ್ತಿತ್ತ ಜಾರುವಷ್ಟು ಸಡಿಲಾದರೆ ಸಾಕು. ಬ್ರೇಕ್ ಲಿವರ್ ಒತ್ತಿ ಹಿಡಿಯಿರಿ, ಇಲ್ಲವೇ ಟ್ಯೂಬಿನ ರಬ್ಬರಿನಿಂದ ಹ್ಯಾಂಡಲಿಗೆ ಕಟ್ಟಿ. ಕ್ಯಾಲಿಪರ್ ತಾನೇ ಡಿಸ್ಕಿನ ನಡುವಿಗೆ ಸರಿಯುತ್ತದೆ. ಈಗ ಎರಡೂ ಬೋಲ್ಟುಗಳನ್ನು ಕಾಲು ಸುತ್ತು, ಕಾಲು ಸುತ್ತು ಬದಲಿಸುತ್ತ ಬಿಗಿಯಿರಿ. ಒಂದನ್ನೇ ಜೋರಾಗಿ ತಿರುಗಿಸಿದರೆ ಬೋಲ್ಟಿನ ತಿರುವಿನ ಜತೆ ಕ್ಯಾಲಿಪರೂ ತಿರುಚಿಕೊಳ್ಳುತ್ತದೆ. ಕೊನೆ ಗಳಿಗೆಯಲ್ಲಿ ಕೆಡುವುದು ಇಲ್ಲೇ. ಬಿಗಿ 6ರಿಂದ 8 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದಿದ್ದರೆ ಅಲೆನ್ ಕೀಯ ಉದ್ದ ತೋಳು ಹಿಡಿದು ಗಟ್ಟಿಯಾಗಿ ತಿರುಗಿಸಿ, ಆದರೆ ಅದಕ್ಕೆ ಪೈಪ್ ಸಿಗಿಸಬೇಡಿ.

ಹೀಗೆ ಮಾಡಿಯೂ ಉಜ್ಜಿದರೆ ಕಣ್ಣಳತೆಯೇ ಗತಿ. ನೆಲದ ಮೇಲೆ ಬಿಳಿ ಕಾಗದ ಹಾಸಿ, ಕ್ಯಾಲಿಪರಿನ ಮೇಲಿಂದ ಡಿಸ್ಕಿನ ನೇರಕ್ಕೆ ಕಣ್ಣಿಟ್ಟು ಕೆಳಗೆ ನೋಡಿ. ಡಿಸ್ಕಿನ ಎರಡೂ ಮಗ್ಗುಲಿಗೆ ಕೂದಲೆಳೆಯಂಥ ಬಿಳಿ ಗೆರೆ ಕಾಣಬೇಕು. ಒಂದು ಕಡೆ ಗೆರೆ ಇಲ್ಲದಿದ್ದರೆ ಡಿಸ್ಕ್ ತಾಗಿರುವುದು ಆ ಕಡೆಗೆ. ಒಂದೇ ಬೋಲ್ಟ್ ಸಡಿಲಿಸಿ, ಕ್ಯಾಲಿಪರಿನ ಆ ತುದಿಯನ್ನು ಚೂರೇ ಚೂರು ಸರಿಸಿ, ಗೆರೆ ಕಂಡ ಕೂಡಲೇ ಬಿಗಿಯಿರಿ.

ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಬರುವುದು ಹೆಚ್ಚಾಗಿ ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್. ಅದರಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ. ಕಡ್ಡಿಗಳ ಕಡೆಯ ಪ್ಯಾಡ್ ಸುಮ್ಮನೆ ನಿಂತಿರುತ್ತದೆ. ಬ್ರೇಕ್ ಹಿಡಿದಾಗ ಹೊರಗಿನ ಪ್ಯಾಡ್ ಡಿಸ್ಕನ್ನೇ ಬಗ್ಗಿಸಿ ಅದಕ್ಕೆ ಒತ್ತುತ್ತದೆ. ಹಾಗಾಗಿ ಇಲ್ಲಿ ಲಿವರ್ ಒತ್ತಿ ಬಿಗಿಯುವ ಉಪಾಯ ಅರ್ಧಂಬರ್ಧ ಕೆಲಸ ಮಾಡುತ್ತದೆ. ಒಳಗಿನ ಪ್ಯಾಡನ್ನು ಅದರ ತಿರುಪಿನಿಂದ, ಡಿಸ್ಕಿಗೆ ತಾಗದಂತೆ, ಆದರೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರಕ್ಕೆ ತನ್ನಿ. ಆಮೇಲೆ ಹೊರಗಿನ ಪ್ಯಾಡಿನ ಅಂತರವನ್ನು ಕೇಬಲ್ಲಿನ ತುದಿಯ ಅಡ್ಜಸ್ಟರಿನಿಂದ ಸರಿಮಾಡಿ.

ಸುತ್ತಿಗೊಮ್ಮೆ ಸದ್ದು ಬಂದರೆ ಡಿಸ್ಕ್ ಬಾಗಿದೆ ಅಂದೆನಲ್ಲ. ಗಾಲಿ ಬಿಚ್ಚಿ ಡಿಸ್ಕ್ ಕೆಳಗಾಗಿ ನೆಲಕ್ಕೆ ಇಟ್ಟರೆ, ಬಸ್ಸಿನ ಮೇಲೆ ಸೈಕಲ್ ಅಡ್ಡ ಹಾಕಿದರೆ ಇದು ಆಗುತ್ತದೆ. ಗಾಲಿ ನಿಧಾನ ತಿರುಗಿಸಿ, ಉಜ್ಜುವ ಜಾಗಕ್ಕೆ ಮಾರ್ಕರಿನಿಂದ ಡಿಸ್ಕಿನ ಒಳತೋಳಿನ ಮೇಲೆ ಗುರುತು ಹಾಕಿ. ಶುದ್ಧ ಬಟ್ಟೆ ಸುತ್ತಿದ ಅಡ್ಜಸ್ಟೆಬಲ್ ಪಾನಾದಿಂದ ಆ ಜಾಗ ಹಿಡಿದು, ವಿರುದ್ಧ ದಿಕ್ಕಿಗೆ ಒಂದಿಷ್ಟೇ ಬಗ್ಗಿಸಿ, ತಿರುಗಿಸಿ ನೋಡಿ, ಮತ್ತೆ ಬಗ್ಗಿಸಿ. ಒಂದೇ ಏಟಿಗೆ ಸರಿಮಾಡಲು ಹೋದರೆ ಅಲೆ ಇನ್ನೊಂದು ಕಡೆ ಏಳುತ್ತದೆ. ತೀರ ಹಗುರಾಗಿ ತಾಗುತ್ತಿದ್ದು ಗಾಲಿ ಸರಾಗ ತಿರುಗುತ್ತಿದ್ದರೆ ಬಿಟ್ಟರೂ ನಡೆಯುತ್ತದೆ. ಡಿಸ್ಕಿನ ದಪ್ಪ 1.5 ಮಿಲಿಮೀಟರಿಗೆ ಇಳಿದಿದ್ದರೆ ಮಾತ್ರ ಬಗ್ಗಿಸುವ ಗೋಜು ಬೇಡ, ಬದಲಿಸಿ.

ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಪ್ಯಾಡಿನ ಸಂದಿಗೆ ಮೆತ್ತಿಕೊಂಡು ಒಣಗುತ್ತದೆ. ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲಿನ ದೂಳು ಕೂರುತ್ತದೆ. ಇವು ಉಜ್ಜುವ ಸದ್ದು ಮಾಡಿದರೆ ನೀರು ಹಾಕಿ ತೊಳೆಯಿರಿ, ಅಷ್ಟೇ. ಸದ್ದು ನಿಲ್ಲಲೆಂದು ಡಿಸ್ಕಿಗೆ ಚೈನಿನ ಎಣ್ಣೆ, ಚಿಮಣಿ ಎಣ್ಣೆ, ಡಬ್ಲ್ಯೂಡಿ-40 ಯಾವುದನ್ನೂ ಹಾಕಬೇಡಿ. ದಯವಿಟ್ಟು ಅಂಗಡಿಯವರಿಗೂ ಹಾಕಗೊಡಬೇಡಿ. ಸದ್ದು ಹೋಗುತ್ತದೆ, ಜತೆಗೆ ಬ್ರೇಕೂ ಹೋಗುತ್ತದೆ, ಎಣ್ಣೆ ಹೀರಿದ ಪ್ಯಾಡ್ ಮತ್ತೆ ಉಪಯೋಗಕ್ಕೆ ಬರುವುದು ಕಷ್ಟ. ಒರೆಸಲು ಏನೂ ಬೆರೆಸದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಶುದ್ಧ ಬಟ್ಟೆ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಆಗದು, ಅದರಲ್ಲಿ ಜಿಡ್ಡು ಉಳಿಸುವ ಪದಾರ್ಥಗಳಿರುತ್ತವೆ. ಡಿಸ್ಕನ್ನು ಬರಿಗೈಯಿಂದ ಮುಟ್ಟಬೇಡಿ. ಈಗಷ್ಟೇ ಇಳಿಜಾರು ಇಳಿದು ಬಂದಿದ್ದರೆ ಅದು ಕೈ ಸುಡುವಷ್ಟು ಕಾದಿರುತ್ತದೆ.

ಎಲ್ಲ ಮುಗಿದ ಮೇಲೆ ಸೈಕಲ್ ಹತ್ತುವ ಮುಂಚೆ ಬ್ರೇಕ್ ಲಿವರನ್ನು ಐದಾರು ಸಲ ಒತ್ತಿ. ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿದ್ದರೆ ಮೊದಲ ಸಲ ಲಿವರ್ ಹ್ಯಾಂಡಲಿನ ತನಕ ಬರುತ್ತದೆ, ಅಂದರೆ ಆಗ ಬ್ರೇಕ್ ಇಲ್ಲ. ಒತ್ತುತ್ತ ಹೋದಂತೆ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿದೆ, ಆ ಸೈಕಲ್ ರಸ್ತೆಗೆ ಇಳಿಸಬೇಡಿ. ಗಟ್ಟಿಯಾದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ. ಗಾಲಿ ಸೀಳಿನಲ್ಲಿ ಕದಲದೆ ನಿಂತರೆ ಹತ್ತಬಹುದು.

ನಮಸ್ಕಾರ.