ಅಜ್ಜನ ಮಿಲ್ಟ್ರಿ ಪುಸ್ತಕದ ಒಂದು ಪದ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮಮ್ಮನ ತವರು ಗೌರಿಬಿದನೂರಿನ ಹತ್ತಿರ ಒಂದು ಹಳ್ಳಿ. ಅಲ್ಲಿಂದ ವಿದುರಾಶ್ವತ್ಥಕ್ಕೆ ನಡೆದೇ ಹೋಗಬಹುದು. ಆ ಮನೆಗೆ ಊರಲ್ಲಿ 'ಬರ್ಮಾದವರ ಮನೆ' ಅಂತ ಹೆಸರು. ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದರು. ಅಮ್ಮನಿಗೆ ಹನ್ನೆರಡು ವರ್ಷ ಇದ್ದಾಗ ತೀರಿಕೊಂಡರು. ಮಿಲ್ಟ್ರಿ ವಿಷಯ ಅವರು ಬಾಯಿಬಿಟ್ಟು ಹೇಳಿದ್ದೇ ಕಡಿಮೆಯಂತೆ. ಅವರು ಹೋದ ಮೇಲೆ, ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದ ಒಬ್ಬ ಮಾವ ಟ್ರಂಕಿನಲ್ಲಿದ್ದ ಡಿಸ್ಚಾರ್ಜ್ ಪುಸ್ತಕ, ಅಂದರೆ ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ, ತೆಗೆದು ಓದಿ, 'ಬರ್ಮಾ ಅಂತ ಬರೆದಿದೆ' ಅಂದರು. ಅವತ್ತಿನಿಂದ ಅಜ್ಜ ಬರ್ಮಾಕ್ಕೆ ಹೋಗಿ ಬಂದವರಾದರು.

ಆ ಪುಸ್ತಕ ಮತ್ತು ಅದರೊಳಗೆ ಮಡಿಸಿಟ್ಟ ನಾಲ್ಕು ಹಾಳೆಗಳು ಹೋದ ವರ್ಷ ನನ್ನ ಕೈಗೆ ಬಂದವು. ಎಲ್ಲ ಕೈಬರಹ. ಒಂದೊಂದು ಸಾಲು ಒಬ್ಬೊಬ್ಬ ಕ್ಲರ್ಕ್ ಬರೆದದ್ದು. ಕೆಲವು ಶಾಯಿಯಲ್ಲಿ, ಕೆಲವು ನೇರಳೆ ಬಣ್ಣದ ಪೆನ್ಸಿಲ್ಲಿನಲ್ಲಿ. ಈ ಪೆನ್ಸಿಲ್ಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಕಾಲದ ಕಚೇರಿಗಳಲ್ಲಿ ಅಳಿಸಲಾಗದ ಪೆನ್ಸಿಲ್ ಬಳಸುತ್ತಿದ್ದರು. ಒಣಗಿದ್ದಾಗ ಬೂದು ಬಣ್ಣ, ನೀರು ತಾಗಿದರೆ ಗಾಢ ನೇರಳೆ. ನಮ್ಮ ಮನೆಯಲ್ಲಿ ಯಾರೋ ಧೂಳು ಹೋಗಲಿ ಅಂತ ಒದ್ದೆ ಬಟ್ಟೆಯಲ್ಲಿ ಒಂದು ಪುಟ ಒರೆಸಿದ್ದಾರೆ. ಆ ಪುಟದಲ್ಲಿ ಈಗ ಮೋಡ ಬಿಟ್ಟರೆ ಏನೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಕಾಗದ ಇದ್ದರೆ ದಯವಿಟ್ಟು ನೀರು ಮುಟ್ಟಿಸಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪೆನ್ಸಿಲ್ ಒತ್ತಿದ ಗೆರೆ ಎದ್ದು ಕಾಣುತ್ತದೆ.

ಊರಿನ ಹೆಸರಲ್ಲೇ ನಾನು ಒಂದು ವಾರ ಕಳೆದೆ. ಕ್ಲರ್ಕುಗಳು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು. ಗೌರಿಬಿದನೂರು ಆಗ ಇಂಗ್ಲಿಷಿನಲ್ಲಿ 'ಗೋರಿಬಿದ್ನೂರ್'. ತುಮಕೂರು ಕಡೆಯ ಮಧುಗಿರಿ ಹಳೆಯ ಕಾಗದಗಳಲ್ಲಿ 'ಮದ್ದಗಿರಿ'. ಹನುಮಂತಪ್ಪ ಅನ್ನುವವರು 'ಅನ್ಮಂತಪ್ಪ' ಆಗಿರಬಹುದು, ನಮ್ಮ ಕಡೆ ಬಾಯಲ್ಲಿ 'ಹ' ಬಿಟ್ಟೇ ಹೋಗುತ್ತದಲ್ವಾ. ಜಿಲ್ಲೆ ಅನ್ನುವ ಕಡೆ ಕೋಲಾರ ಅಂತಿದ್ದರೆ ಬೇರೆ ಯಾರದೋ ಕಾಗದ ಅಂದುಕೊಳ್ಳಬೇಡಿ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ.

ಆಮೇಲೆ ಸಂಕ್ಷೇಪಗಳು. ಒಂದು ಕಾಲಂನಲ್ಲಿ ಮೇಲಿಂದ ಕೆಳಗೆ ಡಿ, ಓ ಅಂತ ಎರಡೇ ಅಕ್ಷರ. ಯಾವುದೋ ಊರಿನ ಹೆಸರಿರಬೇಕು ಅಂತ ನಕಾಶೆಯಲ್ಲೆಲ್ಲ ಹುಡುಕಿದೆ. ಅದು 'ಡಿಟ್ಟೋ', ಮೇಲಿನದೇ ಇಲ್ಲೂ ಅಂತ. ಇನ್ನೊಂದು ಕಡೆ 'ಎಸ್ಓಎಸ್' ನೋಡಿ ಎದೆ ಧಸಕ್ಕೆಂದಿತು. ಅಪಾಯ ಏನೂ ಇಲ್ಲ. ಆ ತುಕಡಿಯ ಪಟ್ಟಿಯಿಂದ ಹೆಸರು ತೆಗೆದು ಬೇರೆ ಕಡೆ ಕಳಿಸಿದರು ಅಂತ ಅರ್ಥ. ಹೊಸ ಜಾಗದಲ್ಲಿ ಹೆಸರು ಸೇರಿಸಿದರೆ 'ಟಿಓಎಸ್'. ಆಸ್ಪತ್ರೆಯ ಸಾಲಿನಲ್ಲಿ 'ಎನ್‌ವೈಡಿ' ಇದ್ದರೆ ಕಾಯಿಲೆ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ ಅಂತ. ಅಜ್ಜನ ಪುಟದಲ್ಲಿ ಎರಡು ಸಲ ಎನ್‌ವೈಡಿ, ಅದರ ಮುಂದೆ 'ಬಿಟಿ ಮಲೇರಿಯಾ'. ದಿನ ಬಿಟ್ಟು ದಿನ ಬರುವ ಚಳಿಜ್ವರ. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಅಪ್ಪ ನಡುಗುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು.

ಅಜ್ಜ ಇದ್ದದ್ದು ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯಲ್ಲಿ. ಇವತ್ತು ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಅದೇ. ರಸ್ತೆ, ಸೇತುವೆ ಕಟ್ಟುವ ಸೈನಿಕರು. ಅವರು ಸಮುದ್ರ ದಾಟಿದ ಸಾಲೇ ಮಾವ ಓದಿದ ಸಾಲು. ಬಾಂಬೆಯಲ್ಲಿ ಹಡಗು ಹತ್ತಿದ್ದು, ಆಮೇಲೆ ಇಳಿದದ್ದು. ಇಳಿದ ಜಾಗದ ಹೆಸರು ಐದು ಅಕ್ಷರ. ಶುರು ಬಿ, ಕೊನೆ ಎ. ನನಗೂ ಮೊದಲ ಸಲ 'ಬರ್ಮಾ' ಅಂತಲೇ ಕಂಡಿತು. ಚಿಕ್ಕಂದಿನಿಂದ ಕೇಳಿದ್ದೂ ಅದೇ ತಾನೇ.

ಆದರೆ ಪದಕಗಳ ಸಾಲಿನಲ್ಲಿ ಬರ್ಮಾ ಸ್ಟಾರ್ ಇರಲಿಲ್ಲ. ಬರ್ಮಾದ ಯುದ್ಧದಲ್ಲಿದ್ದವರಿಗೆ ಸಿಗುತ್ತಿದ್ದ ಪದಕ ಅದು. ಅಲ್ಲಿಂದ ನನಗೆ ಅನುಮಾನ ಬಂತು. ಆ ಸಾಲು ಬರೆದ ಕ್ಲರ್ಕಿನ ಕೈ ಯಾವುದು ಅಂತ ಗುರುತು ಮಾಡಿಕೊಂಡೆ. ಅದೇ ಕೈ ಬರೆದ ಬೇರೆ ಪದಗಳನ್ನು ದೊಡ್ಡದು ಮಾಡಿ, ಒಂದೊಂದು ಅಕ್ಷರವನ್ನೂ ಬೆಣ್ಣೆ ಕಾಗದದ ಮೇಲೆ ತಿದ್ದಿ ಇಟ್ಟುಕೊಂಡೆ. ಆತನ 'ಬಾಂಬೆ'ಯಲ್ಲಿ ಎಂ ಅಕ್ಷರಕ್ಕೆ ಮೂರು ಕಾಲು ಸ್ಪಷ್ಟ. ಅವಸರದಲ್ಲಿದ್ದಾಗಲೂ ಒಂದು ಕಾಲನ್ನೂ ಬಿಟ್ಟವನಲ್ಲ. ನಮ್ಮ ಪದದಲ್ಲಿ ಆ ಮೂರು ಕಾಲು ಎಲ್ಲೂ ಇಲ್ಲ. ಮಧ್ಯದಲ್ಲಿ ಒಂದು ಚಿಕ್ಕ ಅಕ್ಷರ, ಕೆಳಗೆ ಕೊಂಡಿ ಹಾಕಿದ ಹಾಗೆ. 'ಹಡಗಿನಿಂದ ಇಳಿದದ್ದು' ಅನ್ನುವ ಇಂಗ್ಲಿಷ್ ಪದದಲ್ಲಿ ಆತ ಬರೆದ ಎಸ್ ಹಾಗೇ ಇತ್ತು. ಒಂದರ ಮೇಲೊಂದು ಇಟ್ಟೆ. ಕೂತುಕೊಂಡಿತು.

ಬಿ, ಎ, ಎಸ್, ಆರ್, ಎ. ಬಸ್ರಾ. ಇರಾಕಿನ ಬಂದರು.

ಮುಂದಿನ ಸಾಲು ಬೇರೆ ಕೈಯದು. ಅಲ್ಲಿ ಇಷ್ಟು ದಿನ ಓದಲಾಗದೆ ಬಿಟ್ಟಿದ್ದ ಪದ ತಾನಾಗಿ ಬಿಡಿಸಿಕೊಂಡಿತು: 'ಪೈಫೋರ್ಸ್'. ಪರ್ಷಿಯಾ, ಅಂದರೆ ಈಗಿನ ಇರಾನ್, ಮತ್ತು ಇರಾಕ್‌ನಲ್ಲಿದ್ದ ಸೈನ್ಯಕ್ಕೆ ಇದ್ದ ಚುಟುಕು ಹೆಸರು. 1941ರ ಏಪ್ರಿಲ್‌ನಿಂದ ಭಾರತದ ಪಡೆಗಳು ಬಸ್ರಾದಲ್ಲಿ ಇಳಿಯತೊಡಗಿದ್ದವು. ಆಮೇಲೆ ಪರ್ಷಿಯಾದ ಮೂಲಕ ರಷ್ಯಾಕ್ಕೆ ಯುದ್ಧದ ಸಾಮಾನು ಸಾಗಿಸುವುದು ದೊಡ್ಡ ಕೆಲಸವಾಯಿತು. ಸ್ಯಾಪರುಗಳಿಗೆ ಅಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ.

ಮಾವನ ಮೇಲೆ ನನಗೆ ಬೇಸರವಿಲ್ಲ. ಅವರು ಓದಿದ್ದು ಒಂದೇ ಸಾಲು, ಅದೂ ಸಾವಿನ ಮನೆಯಲ್ಲಿ, ಸೀಮೆಎಣ್ಣೆ ದೀಪದಲ್ಲಿ. ಒಂದು ಪದವನ್ನು ಅದೊಂದನ್ನೇ ನೋಡಿದರೆ ನಮ್ಮ ತಲೆಯಲ್ಲಿರುವುದೇ ಅಲ್ಲಿ ಕಾಣುತ್ತದೆ. ಆ ಕೈಯ ಬೇರೆ ಹತ್ತು ಪದ ನೋಡಿ ಬಂದರೆ ಬರೆದವನು ಕಾಣುತ್ತಾನೆ.

ಅಮ್ಮನಿಗೆ ಈಗ ಕಣ್ಣು ಮಂಜು. ಅವರ ಬೆರಳು ಹಿಡಿದು ಆ ಪದದ ಮೇಲಿಟ್ಟು, 'ಅಮ್ಮಾ, ಇದು ಬರ್ಮಾ ಅಲ್ಲ, ಬಸ್ರಾ. ಖರ್ಜೂರದ ತೋಟಗಳಿಗೆ ಹೆಸರಾದ ಊರು' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಹೇಳಿದರು: 'ಅಪ್ಪ ಹೇಳೋರು ಕಣೋ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಈಚಲ ತೋಪು, ಹಣ್ಣು ಹೆಬ್ಬೆರಳಷ್ಟು ದಪ್ಪ, ಬೆಲ್ಲದ ಹಾಗೆ ಸಿಹಿ ಅಂತ. ನಮ್ಮೂರ ಈಚಲ ಹಣ್ಣು ತೋರಿಸಿ ನಾವೆಲ್ಲ ನಗ್ತಿದ್ವಿ. ಸುಳ್ಳು ಹೇಳ್ತೀಯಪ್ಪ ಅಂತ.'

ಈ ಸಲ ಪಿತೃಪಕ್ಷದಲ್ಲಿ ಅಜ್ಜನ ಎಡೆಗೆ ಅಮ್ಮ ತಾವೇ ಖರ್ಜೂರ ಇಟ್ಟರು.

ನಮಸ್ಕಾರ.