ಹಾವಿನ ಹೊಟ್ಟೆಗೆ ಬಿಸಿ ಬೇಕು

ಕೇಳುಗರೇ, ನಮಸ್ಕಾರ. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ವಿದೇಶಿ ಹಾವುಗಳನ್ನು ಸಾಕಿರುವ ಮುಂಬೈ ಕನ್ನಡಿಗರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹಾವು ಇಲಿ ತಿಂದಿದೆ, ಮಲ ಹೋಗಿಲ್ಲ, ಏನು ಔಷಧಿ ಕೊಡಲಿ? ನಾನು ಹೇಳುವುದೂ ಒಂದೇ. ಮೊದಲು ಪೆಟ್ಟಿಗೆಯಲ್ಲಿ ಬಿಸಿ ಎಷ್ಟಿದೆ ನೋಡಿ. ಹಾವಿನ ಮೈ ನಮ್ಮ ಹಾಗೆ ತಾನೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನ ಬಿಸಿ ಸಿಕ್ಕರೇ ಹೊಟ್ಟೆ ಕೆಲಸ ಮಾಡುವುದು. ಸಿಗದಿದ್ದರೆ ನುಂಗಿದ ಇಲಿ ಒಳಗೇ ಕೊಳೆಯುತ್ತದೆ, ಇಲ್ಲವೇ ಹಾವು ಅದನ್ನು ಕಕ್ಕುತ್ತದೆ, ಕರುಳಲ್ಲಿ ಉಳಿದದ್ದು ಒಣಗಿ ಗಟ್ಟಿಯಾಗುತ್ತದೆ.

"ಮುಂಬೈಯಲ್ಲಿ ಸೆಕೆಗೇನು ಬರ ಡಾಕ್ಟ್ರೇ" ಅಂತೀರಿ. ಡೊಂಬಿವಲಿಯ ಒಂದು ಮನೆಯವರೂ ಹಾಗೇ ಅಂದಿದ್ದರು. ಆಗ ಏಪ್ರಿಲ್ ತಿಂಗಳು. ಮಗ ಕಾಲೇಜು ಹುಡುಗ, ಅವನಿಗೆ ತನ್ನ ಬಾಲ್ ಪೈಥಾನ್ ಅಂದರೆ ಪ್ರಾಣ. ಹಾವಿನ ಮಲದ್ವಾರಕ್ಕಿಂತ ಸ್ವಲ್ಪ ಮುಂದೆ ಗಟ್ಟಿಯಾಗಿ ಊದಿತ್ತು. ಹುಡುಗ ಅದನ್ನು ಒತ್ತಿ ಹೊರಗೆ ತೆಗೆಯಲು ಹೊರಟಿದ್ದ. ಅಜ್ಜಿ ಹರಳೆಣ್ಣೆ ಬಾಟಲಿ ಹಿಡಿದು ನಿಂತಿದ್ದರು. "ನಮ್ಮ ಮಕ್ಕಳಿಗೆಲ್ಲ ಇದನ್ನೇ ಕುಡಿಸಿದ್ದು, ಇದಕ್ಕೂ ಎರಡು ಚಮಚ ಹಾಕಿದ್ರೆ ಆಗಲ್ವಾ?" ಬೇಡವೇ ಬೇಡ ಅಮ್ಮಾ ಅಂದೆ. ಬಾಯಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹಾವು ಉಳಿಯುವುದು ಕಷ್ಟ. ಒತ್ತಿದರೆ ಕರುಳು ಹರಿಯಬಹುದು. ಪೆಟ್ಟಿಗೆ ಎಲ್ಲಿಟ್ಟಿದ್ದೀಯಪ್ಪಾ ಅಂತ ಕೇಳಿದರೆ, ಅವನ ಕೋಣೆಯಲ್ಲಿ, ಸರಿಯಾಗಿ ಏಸಿಯ ಕೆಳಗೆ! ರಾತ್ರಿಯಿಡೀ 22 ಡಿಗ್ರಿ. ಹೀಟ್ ಪ್ಯಾಡ್ ಇತ್ತು, ಆದರೆ ಬೇಸಿಗೆಯಲ್ಲಿ ಯಾಕೆ ಸುಮ್ನೆ ಕರೆಂಟು ಖರ್ಚು ಅಂತ ಅಪ್ಪ ಅದನ್ನು ತೆಗೆದು ಕಪಾಟಿನಲ್ಲಿ ಇಟ್ಟಿದ್ದರು.

ಎಕ್ಸ್‌ರೇ ತೆಗೆದೆವು. ಒಳಗೆ ಬೇರೇನೂ ಸಿಕ್ಕಿಕೊಂಡಿರಲಿಲ್ಲ, ಒಣಗಿದ ಮಲ ಅಷ್ಟೇ. ಪೆಟ್ಟಿಗೆಯ ಒಂದು ಬದಿ 32 ಡಿಗ್ರಿ, ಇನ್ನೊಂದು ಬದಿ 26 ಇರುವ ಹಾಗೆ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಹದದಲ್ಲಿಡುವ ಸಾಧನ, ಹಾಕಿಸಿದೆ. ದಿನಕ್ಕೊಮ್ಮೆ 30 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ 20 ನಿಮಿಷ ಬಿಡಬೇಕು, ಮೈ ಅರ್ಧ ಮುಳುಗುವಷ್ಟೇ ನೀರು, ನೀನು ಪಕ್ಕದಲ್ಲೇ ಕೂತಿರಬೇಕು ಅಂದೆ. ಕೆಲವೇ ದಿನದಲ್ಲಿ ರಾತ್ರಿ ಹೊತ್ತು ಹುಡುಗನ ಫೋನು. "ಡಾಕ್ಟ್ರೇ, ಹೋಯ್ತು!" ಆ ಸಂತೋಷ ನನಗೂ ಅಷ್ಟೇ ಆಯಿತು.

ಸಮಯ ಮುಗೀತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹಾವಿನ ಮೈಯ ದಪ್ಪ ಭಾಗಕ್ಕಿಂತ ದಪ್ಪನೆಯ ಇಲಿ ಬೇಡ. ಮರಳು, ಮರದ ಚೂರು ಹಾಸಿದರೆ ಇಲಿಯ ಜೊತೆ ಅದೂ ಹೊಟ್ಟೆಗೆ ಹೋಗುತ್ತದೆ, ಕಾಗದ ಹಾಸಿ. ಕುಡಿಯುವ ನೀರು ಯಾವಾಗಲೂ ಇರಲಿ. ಬಾಲ್ ಪೈಥಾನ್ ಎರಡು ಮೂರು ವಾರ ಮಲ ಹಾಕದಿದ್ದರೆ ಅಷ್ಟಕ್ಕೇ ಹೆದರಬೇಡಿ. ಊತ ಇದ್ದರೆ, ಮಲ ಹಾಕಲು ತಿಣುಕುತ್ತಿದ್ದರೆ, ತಿಂದದ್ದನ್ನು ಕಕ್ಕಿದರೆ ಮಾತ್ರ ಮನೆಮದ್ದು ಬಿಟ್ಟು ಅವತ್ತೇ ವೈದ್ಯರ ಹತ್ತಿರ ಬನ್ನಿ. ನಾಗರಹಾವು, ಕೇರೆಹಾವು ಸಾಕುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಬಾಲ್ ಪೈಥಾನ್ ಇದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಇನ್ನೊಂದು, ಇದನ್ನು ತುಂಬಾ ಜನ ಮರೆಯುತ್ತಾರೆ. ಮಲ ಹೋದ ಖುಷಿಗೆ ಅವತ್ತೇ ಇಲಿ ಕೊಡಬೇಡಿ. ಒಂದು ವಾರ ಬಿಡಿ, ಆಮೇಲೆ ಚಿಕ್ಕದೊಂದು ಕೊಡಿ, ಕೊಡುವ ಮೊದಲು ಪೆಟ್ಟಿಗೆಯ ಬಿಸಿ ನೋಡಿ. ನಮಸ್ಕಾರ.