ನಳಿಗೆ ಅಷ್ಟೇ ಉದ್ದ, ಬಂದೂಕು ಮಾತ್ರ ಗಿಡ್ಡ

ಮೇಜಿನ ಮೇಲೆ ಅಳತೆ ಟೇಪ್ ಎಳೆದಿಟ್ಟಿದ್ದೇನೆ, ನೋಡಿ. ಈ ಕೆಂಪು ಗುರುತು 880 ಮಿಲಿಮೀಟರ್. ಸೋವಿಯತ್ ಸೇನೆಯ ಎಕೆಎಂ ರೈಫಲ್ ಇಷ್ಟುದ್ದ ಇತ್ತು. ಇನ್ನೊಂದು ಗುರುತು ಇಲ್ಲಿದೆ, 525ರ ಹತ್ತಿರ. ಸೋವಿಯತ್ ಒಕ್ಕೂಟದಲ್ಲೇ ಪ್ರಯೋಗಕ್ಕೆಂದು ಮಾಡಿದ ಟಿಕೆಬಿ-022ಪಿಎಂ ರೈಫಲ್ ಇಲ್ಲಿಗೇ ಮುಗಿಯಿತು! ಆದರೆ ಎರಡರ ನಳಿಗೆಯೂ 415 ಮಿಲಿಮೀಟರ್. ಹಾಗಾದ್ರೆ ಒಂದಡಿಗೂ ಜಾಸ್ತಿ ಬಂದೂಕು ಎಲ್ಲಿ ಹೋಯಿತು?

1962ರಲ್ಲಿ, ರಷ್ಯಾದ ತುಲಾ ನಗರದಲ್ಲಿ ಈ ಗಿಡ್ಡ ರೈಫಲ್ ಮಾಡಿದವನು ಬಂದೂಕು ವಿನ್ಯಾಸಕ ಗೆರ್ಮಾನ್ ಕೊರೊಬೊವ್. ತೋಟೆ ತುಂಬುವ ಡಬ್ಬಿಯನ್ನು, ಅಂದರೆ ಮ್ಯಾಗಜಿನ್ ಅನ್ನು, ಟ್ರಿಗರ್ ಹಿಂದಕ್ಕೆ ತಂದರೆ ಬಂದೂಕು ಗಿಡ್ಡವಾಗುತ್ತದೆ. ಇದು ಬುಲ್‌ಪಪ್ ವಿನ್ಯಾಸ, ಅವನಿಗಿಂತ ಮೊದಲೇ ಇತ್ತು. ಆದರೂ ನಳಿಗೆಯ ಹಿಂಬದಿಯನ್ನು ಮುಚ್ಚುವ ತುಂಡು, ಅಂದರೆ ಬೋಲ್ಟ್, ಹಿಂದೆ ಮುಂದೆ ಓಡಾಡಲು ಜಾಗ ಬೇಕಲ್ವಾ? ಕೊರೊಬೊವ್ ಆ ಓಡಾಟವನ್ನೇ ತೆಗೆದುಹಾಕಿದ. ಇವನ ಬೋಲ್ಟ್ ಬಾವಿಯ ಕೊಡದ ಹಾಗೆ ಮೇಲೆ ಕೆಳಗೆ ಚಲಿಸುತ್ತದೆ. ತೋಟೆಯನ್ನು ನಳಿಗೆಯೊಳಕ್ಕೆ ತಳ್ಳುವುದು, ಸಿಡಿದ ಮೇಲೆ ಎಳೆಯುವುದು, ಎರಡಕ್ಕೂ ಬೇರೆಯೇ ಒಂದು ಯು ಆಕಾರದ ತುಂಡು. ಹೀಗಾಗಿ ನಳಿಗೆಯ ಹಿಂತುದಿ ಹೆಚ್ಚುಕಡಿಮೆ ಭುಜದವರೆಗೂ ಬಂದುಬಿಟ್ಟಿತು.

ನನಗೆ ಜಾಸ್ತಿ ಇಷ್ಟವಾದದ್ದು ಖಾಲಿ ತೋಟೆಯ ದಾರಿ. ಬುಲ್‌ಪಪ್‌ನಲ್ಲಿ ಬಿಸಿ ತೋಟೆ ಕೆನ್ನೆಯ ಪಕ್ಕದಲ್ಲೇ ಹಾರುತ್ತದೆ. ಎಡಗೈಯವರಿಗಂತೂ ನೇರ ಮುಖಕ್ಕೇ! ಇಲ್ಲಿ ನಳಿಗೆಯ ಮೇಲೊಂದು ಕೊಳವೆ ಇದೆ. ಖಾಲಿ ತೋಟೆ ಅದರೊಳಗೆ ಸಾಗಿ ಮುಂದಕ್ಕೆ ಬೀಳುತ್ತದೆ. ಬೆಲ್ಜಿಯಂನ ಎಫ್2000 ರೈಫಲ್ ಸಹ ಮುಂದಕ್ಕೇ ಉದುರಿಸುತ್ತದೆ. ಅದು ಬಂದದ್ದು ಸುಮಾರು ನಲವತ್ತು ವರ್ಷ ಆದ ಮೇಲೆ.

ಸೇನೆ ಮಾತ್ರ ಬೇಡ ಅಂದಿತು. ಮೈಯೆಲ್ಲಾ ಪ್ಲಾಸ್ಟಿಕ್. ಕೊರೆಯುವ ಚಳಿಯಲ್ಲಿ, ಸುಡುವ ಬಿಸಿಲಲ್ಲಿ, ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದರೆ ಇದು ಬಾಳುತ್ತದಾ ಎಂಬ ಅನುಮಾನ. ಭಾರವೆಲ್ಲ ಹಿಂದಕ್ಕೆ ಬೇರೆ. ಅಧಿಕಾರಿಗಳನ್ನು ದಡ್ಡರು ಅಂತ ಬೈಯುವುದು ಸುಲಭ, ನಾನು ಬೈಯಲ್ಲ. 1959ರಲ್ಲಷ್ಟೇ ಎಕೆಎಂ ಒಪ್ಪಿಕೊಂಡಿದ್ದರು. ಅದೂ ಇದೇ ಕೊರೊಬೊವ್‌ನ ಟಿಕೆಬಿ-517 ಎಂಬ ಇನ್ನೊಂದು ರೈಫಲನ್ನು ಪಕ್ಕಕ್ಕಿಟ್ಟು! ಹೊಸ ರೈಫಲ್ ಕಾರ್ಖಾನೆಗಳಿಂದ ಹೊರಬರುತ್ತಿರುವಾಗ, ಒಳಗೆ ಏನಾಗುತ್ತಿದೆ ಅಂತ ಸಿಪಾಯಿಗೆ ಸುಲಭಕ್ಕೆ ಅರ್ಥವಾಗದ ಬಂದೂಕಿಗೆ ಯಾರು ಸಹಿ ಹಾಕುತ್ತಾರೆ? ನಾನಾದರೂ ಹಾಕುತ್ತಿರಲಿಲ್ಲ.

ಕೊರೊಬೊವ್ ಇದಕ್ಕೆಲ್ಲ ಸುಮ್ನೆ ಕೂರುವ ಆಸಾಮಿಯಲ್ಲ. ಒಂದೇ ಬಂದೂಕಿಗೆ ಮೂರು ನಳಿಗೆ ಅಕ್ಕಪಕ್ಕ ಕೂರಿಸಿ ಟಿಕೆಬಿ-059 ಅಂತ ಇನ್ನೊಂದು ಮಾಡಿದ. ಅದಕ್ಕೆ ಬೇರೆ ವಿಡಿಯೋನೇ ಬೇಕು.